ಮೂಗಿನಿಂದ ಹೊಟ್ಟೆಯವರೆಗೆ ಒಂದು ದಾರ

ಆಕೆ ನಮ್ಮ ದವಾಖಾನೆಗೆ ಬಂದಾಗ ಕೈಯಲ್ಲೊಂದು ತಂಬಿಗೆ ಹಿಡಿದಿದ್ದಳು. ಎರಡು ಮಾತಿಗೊಮ್ಮೆ ಅದರೊಳಗೆ ಉಗುಳುತ್ತಿದ್ದಳು. ಎಲೆಯಡಿಕೆಯಲ್ಲ, ಬರೀ ಜೊಲ್ಲು. ಮನುಷ್ಯ ದಿನಕ್ಕೆ ಎಷ್ಟು ಜೊಲ್ಲು ನುಂಗುತ್ತಾನೆ ಎಂಬುದು ಅದು ಇಳಿಯದೆ ನಿಂತಾಗಲೇ ಗೊತ್ತಾಗುವುದು. ಗಂಡ ಆ ತಂಬಿಗೆಯನ್ನು ಹೊತ್ತಿಗೊಮ್ಮೆ ಹೊರಗೆ ಒಯ್ದು ತೊಳೆದು ತರುತ್ತಿದ್ದ. ಹೆಂಡತಿಯ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ.

ಬೆಟಗೇರಿಯ ನೀಲಗಾರರ ಮನೆಯವಳು, ಮೂವತ್ತೈದರ ಆಸುಪಾಸು. ನೂಲು ಅದ್ದುವ ನೀಲಿ ಬಾನಿ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಆ ಜನ ನಾಲಿಗೆಯಿಂದ ನೋಡುತ್ತಾರೆ. ನೀಲಿ, ಸುಣ್ಣ, ಕ್ಷಾರದ ಉಪ್ಪುಮಣ್ಣಾದ ಸವಳು, ಬೆಲ್ಲ ಹಾಕಿ ಹುದುಗಿಸಿದ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ ಉಗುಳುವುದು. ಸವಳು ಹೆಚ್ಚಾಗಿದ್ದರೆ ನಾಲಿಗೆ ಜುಮ್ಮೆನ್ನುತ್ತದೆ, ಕಡಿಮೆಯಾಗಿದ್ದರೆ ಸಪ್ಪೆ. ಅವರ ಓಣಿಯಲ್ಲಿ ಈಕೆಯ ನಾಲಿಗೆಯೇ ಕೊನೆಯ ಮಾತು. ಆಕೆ ಲಕ್ಷ್ಮೇಶ್ವರದ ತವರಿಗೆ ಹೋದಾಗ ಗಂಡ, ಮದುವೆಗಳ ಕಾಲದ ಅವಸರಕ್ಕೆ ಬಿದ್ದು, ಸವಳಿನ ಬದಲು ಪೇಟೆಯಿಂದ ಕಾಸ್ಟಿಕ್ ಸೋಡಾದ ಡಬ್ಬಿ ತಂದು ಬಾನಿಗೆ ಸುರಿದಿದ್ದ. ಬಂದ ಕೂಡಲೇ ಹೇಳಬೇಕೆಂದುಕೊಂಡಿದ್ದನಂತೆ. ಆಕೆ ಬಸ್ಸಿಳಿದವಳು ಮನೆಯೊಳಗೂ ಹೋಗದೆ ಸೆರಗು ಸಿಗಿಸಿ ಬಾನಿಗೆ ಬಾಗಿದಳು.

"ಸವಳು ಅಂತ ತಿಳದ ಬಾಯಾಗ ಹಾಕ್ಕೊಂಡೆ ಬಾಯಾರ. ಬೆಂಕಿ ಇತ್ರಿ ಅದು. ಉಗಳೂದ್ರಾಗ ಅರ್ಧಾ ಒಳಗ ಹೋತು," ಎಂದಳು ನನಗೆ. ಡಾಕ್ಟರಮ್ಮನಿಗೆ ನಮ್ಮ ಕಡೆ ಬಾಯಿ, ಬಾಯಾರು ಎನ್ನುವುದು. ಗಂಡನ ಹೆಸರು ಎತ್ತಲಿಲ್ಲ.

ಬಾಯಿ ಹದಿನೈದು ದಿನದಲ್ಲಿ ಮಾಯಿತು. ಅನ್ನನಾಳವೂ ಮಾಯಿತು, ಆದರೆ ಅದು ಮಾಯುವ ರೀತಿಯೇ ಬೇರೆ. ಸುಟ್ಟ ಜಾಗ ಗಟ್ಟಿ ಕಲೆಯಾಗಿ ಸುತ್ತಲಿಂದ ಬಿಗಿಯುತ್ತ ಬರುತ್ತದೆ. ಮೊದಲ ತಿಂಗಳು ರೊಟ್ಟಿ ನಿಂತಿತು, ಎರಡನೆಯ ತಿಂಗಳು ಅನ್ನ, ಮೂರನೆಯ ತಿಂಗಳು ಮಜ್ಜಿಗೆ. ಕೊನೆಗೆ ಜೊಲ್ಲೂ ನಿಂತಾಗ ನಮ್ಮ ಹತ್ತಿರ ಕರೆತಂದರು.

ಗದಗಿಗೂ ಬೆಟಗೇರಿಗೂ ನಡುವೆ ಅರಳೆ ವ್ಯಾಪಾರಿಯೊಬ್ಬರು ಕಟ್ಟಿಸಿದ ಮೂವತ್ತು ಹಾಸಿಗೆಯ ದವಾಖಾನೆ ನಮ್ಮದು. ಕರ್ನಾಟಕ ಒಂದಾಗಬೇಕೆಂಬ ಕೂಗು ಏರಿದ್ದ ಕಾಲ. ವಾರಕ್ಕೊಂದು ಮೆರವಣಿಗೆ ಗೇಟಿನ ಮುಂದೆ ಹಾದುಹೋಗುತ್ತಿತ್ತು, ಒಳಗೆ ನಮ್ಮ ಕಾಗದಗಳೆಲ್ಲ ಇನ್ನೂ ಮುಂಬಯಿಗೇ ಹೋಗುತ್ತಿದ್ದವು. ಹೆಂಗಸರ ವಾರ್ಡು ನನ್ನ ಪಾಲಿನದು. ನಾನು ಎಲ್.ಸಿ.ಪಿ.ಎಸ್., ಎಂದರೆ ಎಂ.ಬಿ.ಬಿ.ಎಸ್.ನವರ ಕಣ್ಣಲ್ಲಿ ಅರ್ಧ ಡಾಕ್ಟರು. ಹೆಂಗಸಾದ್ದರಿಂದ ಆ ಅರ್ಧದಲ್ಲೂ ಅರ್ಧ.

ದೊಡ್ಡ ಡಾಕ್ಟರು ಯುದ್ಧದಲ್ಲಿ ಕೆಲಸ ಮಾಡಿ ಬಂದವರು, ಚೊಕ್ಕ ಕೈಯವರು. ಆಕೆಯ ಹೊಟ್ಟೆಯ ಎಡಭಾಗದಲ್ಲಿ ಸಣ್ಣ ದಾರಿ ಮಾಡಿ, ಜಠರಕ್ಕೆ ನೇರವಾಗಿ ರಬ್ಬರಿನ ನಳಿಗೆ ಇಟ್ಟು ಹೊಲಿದರು. ಆ ನಳಿಗೆಗೆ ಲಾಳಿಕೆ ಸಿಕ್ಕಿಸಿ ಹಾಲು, ಗಂಜಿ ಹೊಯ್ಯುವುದು. ಅದರಿಂದ ಜೀವ ಉಳಿಯಿತು ಎಂಬುದರಲ್ಲಿ ಎರಡು ಮಾತಿಲ್ಲ.

"ಉಣ್ತಾಳ, ಬದಕ್ತಾಳ. ಇನ್ನೇನ ಬೇಕ್ರಿ ಬಾಯಿ ನಿಮಗ?" ಎಂದರು ದೊಡ್ಡ ಡಾಕ್ಟರು.

ನನಗೇನು ಬೇಕೆಂದು ನನಗೆ ತಿಳಿಸಿಕೊಟ್ಟವಳು ಆಕೆಯೇ. ಮೊದಲ ದಿನವೇ ಲಾಳಿಕೆಗೆ ಕೈ ಅಡ್ಡ ಹಿಡಿದಳು. ಸಿಸ್ಟರ್ ಕೈಯಿಂದ ಬಟ್ಟಲು ಕಸಿದು, ಒಂದು ಗುಟುಕು ಬಾಯಿಗೆ ಹಾಕಿ ತಂಬಿಗೆಗೆ ಉಗುಳಿದಳು.

"ಉಪ್ಪಿಲ್ಲ. ಮತ್ತ ಇದ್ರಾಗ ತತ್ತಿ ಹಾಕೀರಿ."

ಶಕ್ತಿಗೆಂದು ದೊಡ್ಡ ಡಾಕ್ಟರೇ ಮೊಟ್ಟೆ ಬರೆದಿದ್ದರು. ಸಿಸ್ಟರ್ ಸಮಾಧಾನ ಹೇಳಿದಳು, "ಬಾಯಾಗ ಹೋಗಂಗಿಲ್ಲಲ್ಲಬೇ, ಹೊಟ್ಟಿಗಷ್ಟ."

"ಕೊರಳಾಗ ಲಿಂಗಾ ಕಟ್ಟೀನಿ. ಬಾಯಾಗ ಹಾಕ್ಕೊಳ್ಳಲಾರದ್ದು ಹೊಟ್ಯಾಗ ಹೆಂಗ ಹಾಕ್ತೀರಿ? ನಂದು ಹೊಟ್ಟಿ ಏನ ಬಾನಿ ಏನ?"

ಅಂದಿನಿಂದ ಪ್ರತಿಯೊಂದು ಬಟ್ಟಲೂ ಮೊದಲು ಆಕೆಯ ನಾಲಿಗೆಯ ಪರೀಕ್ಷೆ ಪಾಸಾಗಬೇಕಾಯಿತು. ವಾರ್ಡಿನವರು ನಕ್ಕರು. ನಾನೂ ನಕ್ಕೆ. ಆದರೆ ಬಾಯಿ ಮುಕ್ಕಳಿಸಿ ಉಗುಳಿದ ಮೇಲೆ ಆಕೆ ಗಂಟಲಿಗೆ ಬೆರಳಿಟ್ಟುಕೊಂಡು ಕೂರುತ್ತಿದ್ದಳು. ನುಂಗಲು ನೋಡುತ್ತಿದ್ದಳು. ಅದನ್ನು ಕಂಡಾಗ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಎರಡು ವಾರದ ಮೇಲೆ ಆಕೆಯ ತಂಬಿಗೆ ಅಷ್ಟು ಬೇಗ ತುಂಬದಿರುವುದನ್ನು ಗಮನಿಸಿದೆ. ಅನ್ನನಾಳಕ್ಕೆ ವಿಶ್ರಾಂತಿ ಸಿಕ್ಕರೆ ಬಾವು ಇಳಿಯುತ್ತದೆ. ಒಂದು ಲೋಟ ನೀರಿಗೆ ಮೆಥಿಲೀನ್ ಬ್ಲೂ ಕದಡಿ, ಗುಟುಕು ಗುಟುಕಾಗಿ ಬಾಯಲ್ಲಿ ಹಿಡಿದು ಇಳಿದಷ್ಟು ನುಂಗಲು ಕೊಟ್ಟು, ಹೊಟ್ಟೆಯ ನಳಿಗೆಯ ಬಾಯಿಗೆ ಬಿಳಿ ಹತ್ತಿ ಇಟ್ಟು ಕುಳಿತೆ.

"ಕಚ್ಚಾ ನೀಲಿ ಐತ್ರಿ ಇದು. ಒಂದ ಒಗತಕ್ಕ ಹೋಗ್ತೈತಿ," ಎಂದಳು, ತುಟಿಯೆಲ್ಲ ನೀಲಿ ಮಾಡಿಕೊಂಡು.

ಮುಕ್ಕಾಲು ಗಂಟೆಯ ನಂತರ ಹತ್ತಿಯ ಮೇಲೆ ಒಂದು ನೀಲಿ ಚುಕ್ಕೆ ಮೂಡಿತು. ದಾರಿ ಇತ್ತು! ಎಳ್ಳಿನಷ್ಟಾದರೂ ಇತ್ತು. ಆ ಹತ್ತಿಯನ್ನು ಹಿಡಿದುಕೊಂಡೇ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಅವರ ಗಾಜಿನ ಕಪಾಟಿನಲ್ಲಿ ಈಸೋಫ್ಯಾಗೋಸ್ಕೋಪ್ ಇತ್ತು: ಮೊಳದುದ್ದದ ಲೋಹದ ನಳಿಗೆ, ತುದಿಯಲ್ಲಿ ಬ್ಯಾಟರಿಯಿಂದ ಉರಿಯುವ ಅಕ್ಕಿಕಾಳಿನಂಥ ಬಲ್ಬು. ಅದರಿಂದ ಮಕ್ಕಳ ಗಂಟಲಲ್ಲಿ ಸಿಕ್ಕ ಕಾಸು, ಹುಣಸೆಬೀಜ, ಒಮ್ಮೆ ಬೋರಮಾಳದ ಗುಂಡು, ಎಲ್ಲ ತೆಗೆದಿದ್ದೆ. ಮುಂಬಯಿಯಲ್ಲಿ ಕಲಿಯುವಾಗ ಗಂಟಲಿನ ಸರ್ಜನರ ಕೈಕೆಳಗೆ ಎರಡು ವರ್ಷ ನನ್ನ ಕೆಲಸ ಒಂದೇ, ರೋಗಿಯ ತಲೆ ಹಿಡಿಯುವುದು. ತಲೆ ಹಿಡಿಯುವವರು ಸರಿಯಾಗಿ ಹಿಡಿಯದಿದ್ದರೆ ನಳಿಗೆ ಅನ್ನನಾಳವನ್ನು ಹರಿದುಬಿಡುತ್ತದೆ. ಹಿಡಿಯುತ್ತ ಹಿಡಿಯುತ್ತ ನೋಡುವುದನ್ನೂ ಕಲಿತಿದ್ದೆ.

"ಒಮ್ಮೆ ನೋಡ್ರಿ. ಒಂದ ಸಲ," ಎಂದರು ದೊಡ್ಡ ಡಾಕ್ಟರು.

ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ಆಕೆಯನ್ನು ಅಂಗಾತ ಮಲಗಿಸಿ, ತಲೆಯನ್ನು ಮೇಜಿನ ಅಂಚಿನಾಚೆ ಸಿಸ್ಟರ್ ಕೈಯಲ್ಲಿ ಕೊಟ್ಟೆ. ಹಲ್ಲಿನಿಂದ ಒಂಬತ್ತು ಇಂಚಿನಲ್ಲಿ ದಾರಿ ಮುಗಿದಿತ್ತು. ಬೆಳ್ಳಗಿನ ಗಟ್ಟಿ ಕಲೆ. ತೂತು ನಟ್ಟನಡುವೆ ಇರಲಿಲ್ಲ, ಎಡಗಡೆಯ ಮೂಲೆಯಲ್ಲಿ ಓರೆಯಾಗಿ ಅಡಗಿತ್ತು. ಬೂಜಿ, ಎಂದರೆ ದಾರಿ ಹಿಗ್ಗಿಸುವ ಬಳುಕುವ ಕಡ್ಡಿ, ಎಲ್ಲಕ್ಕಿಂತ ಸಣ್ಣದನ್ನು ತೆಗೆದುಕೊಂಡು ತೂತಿಗೆ ಹಿಡಿದೆ. ಬಾಗಿತು. ಮತ್ತೆ ಹಿಡಿದೆ. ಬಲ್ಬು ಮಿಣುಕಿ ಆರಿತು. ಹೊಸ ಬಲ್ಬು ಹಾಕುವಷ್ಟರಲ್ಲಿ ನಳಿಗೆಯಲ್ಲಿ ರಕ್ತ ತುಂಬಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೊಂದು ಸಲ ಒತ್ತಿದೆ.

ಮರುದಿನ ನೂರಮೂರು ಜ್ವರ, ಬೆನ್ನಲ್ಲಿ ನೋವು. ನಾಲ್ಕು ದಿನ ಪೆನಿಸಿಲಿನ್ ಚುಚ್ಚಿದೆವು. ಆ ನಾಲ್ಕು ದಿನ ನನಗೂ ಅನ್ನ ಇಳಿಯಲಿಲ್ಲ. ಜ್ವರ ಬಿಟ್ಟಿತು, ದೊಡ್ಡ ಡಾಕ್ಟರ ಮುಖದ ಗಂಟು ಬಿಡಲಿಲ್ಲ.

"ಇನ್ನ ಮ್ಯಾಲೆ ಆಕಿ ಗಂಟಲಾಗ ಯಾವ ಹತ್ಯಾರಾನೂ ಇಳಿಸಬಾರ್ದು. ಮುಂಬೈಕ ಬರೀರಿ. ಅವರು ಕರದ್ರ ಕಳಸೋಣು."

ಬರೆದೆ. ನಮ್ಮಲ್ಲಿ ಎಲ್ಲದಕ್ಕೂ ಮದ್ದು ಅದೇ: ಮುಂಬೈಗೆ ಬರೀರಿ. ಗೇಟಿನ ಹೊರಗೆ ಜನ ನಮ್ಮ ನಾಡು ನಮಗೆ ಕೊಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಒಳಗೆ ನಾವು ಒಬ್ಬ ಹೆಣ್ಣುಮಗಳ ಗಂಟಲಿಗೂ ಅಲ್ಲಿಂದಲೇ ಅಪ್ಪಣೆ ಕೇಳುತ್ತಿದ್ದೆವು. ಬೇರೆಯವರಿಗೆ ಇದು ದೊಡ್ಡ ಮಾತೆನಿಸಬಹುದು, ನನಗಂತೂ ಮೈ ಉರಿಯಿತು.

ಹತ್ಯಾರ ಇಳಿಸಬಾರದು ಎಂದಿದ್ದರು. ದಾರ ಹತ್ಯಾರವಲ್ಲವಲ್ಲ! ನನ್ನ ಗುರುಗಳು ಇಂಥ ರೋಗಿಗಳಿಗೆ ರೇಶ್ಮೆ ದಾರ ನುಂಗಿಸುತ್ತಿದ್ದುದು ನೆನಪಿತ್ತು. ಕಣ್ಣಿಗೆ ಕಾಣದ ಓರೆ ತೂತನ್ನು ದಾರ ತಾನೇ ಹುಡುಕಿಕೊಳ್ಳುತ್ತದೆ. ಜಠರಕ್ಕೆ ಇಳಿದ ತುದಿಯನ್ನು ಹೊಟ್ಟೆಯ ದಾರಿಯಿಂದ ಕೊಕ್ಕೆ ಹಾಕಿ ಹೊರಗೆಳೆದು, ಅದಕ್ಕೆ ಬೂಜಿ ಕಟ್ಟಿ ಕೆಳಗಿನಿಂದ ಮೇಲಕ್ಕೆ ಎಳೆಯುವುದು. ದಾರ ತೋರಿಸಿದ ದಾರಿಯಲ್ಲೇ ಬೂಜಿ ಬರುವುದರಿಂದ ಹರಿಯುವ ಭಯ ಕಡಿಮೆ. ಎರಡೂ ಕಡೆ ಕಟ್ಟಲು ಬರುವ ಬೂಜಿ ನಮ್ಮಲ್ಲಿರಲಿಲ್ಲ. ಕೆಂಪು ರಬ್ಬರಿನ ಸಣ್ಣ ದೊಡ್ಡ ಕ್ಯಾತಿಟರುಗಳ, ಎಂದರೆ ಮೂತ್ರ ತೆಗೆಯುವ ನಳಿಗೆಗಳ, ಎರಡು ತುದಿಯನ್ನೂ ಚೂಪಾಗಿ ಕತ್ತರಿಸಿ ರೇಶ್ಮೆ ಸುತ್ತಿ ಹೊಲಿದು ನಾನೇ ಮಾಡಿಕೊಂಡೆ.

"ದಾರ ನುಂಗಬೇಕವ್ವಾ. ಕಾಲು ತಾಸಿಗೊಮ್ಮೆ ಒಂದ ಗುಟಕು ನೀರು, ಒಂದ ಬೆರಳ ದಾರ," ಎಂದೆ.

"ಅನ್ನ ನುಂಗಲಾರದಾಕಿಗೆ ದಾರ ನುಂಗಸ್ತೀರಿ. ಆತು, ತರ್ರಿ."

ಮೂರನೆಯ ದಿನ ಕೊಕ್ಕೆಗೆ ದಾರ ಸಿಕ್ಕಿತು. ಮೊದಲನೆಯ ಕ್ಯಾತಿಟರು ಕೆಳಗಿನಿಂದ ಮೇಲೆ ಬಂತು, ಎರಡನೆಯದೂ ಬಂತು. ಸಂಜೆ ಆಕೆ ಅರ್ಧ ಲೋಟ ನೀರು ಕುಡಿದಳು. ತಂಬಿಗೆಯನ್ನು ಮಂಚದ ಕೆಳಗೆ ತಳ್ಳಿದಳು. ನಾನು ವಾರ್ಡಿನಲ್ಲಿ ರಾಣಿಯ ಹಾಗೆ ತಿರುಗಾಡಿದೆ.

ತಪ್ಪು ಮಾಡಿದ್ದು ಆಗಲೇ. ಹೊಟ್ಟೆಯ ಆಮ್ಲದಲ್ಲಿ ದಾರ ಕೊಳೆತೀತು, ಕೀವಾದೀತು ಎಂದು ಅದನ್ನು ಪೂರ್ತಿ ಎಳೆದು ತೆಗೆದೆ. ಮತ್ತೆ ಬೇಕಾದಾಗ ಮತ್ತೆ ನುಂಗಿಸಿದರಾಯಿತು ಎಂಬ ಧಿಮಾಕು. ಎಂಟು ದಿನದಲ್ಲಿ ನೀರು ನಿಂತಿತು. ಹೊಸ ದಾರ ಇಳಿಯಲಿಲ್ಲ. ಒಂದು ದಿನ, ಎರಡು ದಿನ, ಐದು ದಿನ. ಸುರುಳಿ ಸುತ್ತಿ ಗಂಟಲಲ್ಲೇ ಕೂರುತ್ತಿತ್ತು. ಐದನೆಯ ದಿನ ಆಕೆ ದಾರವನ್ನು ಬಾಯಿಂದ ಕಿತ್ತು ಹಾಸಿಗೆಯ ಮೇಲೆ ಒಗೆದಳು.

"ಹಾಸ ತೀರಿತಂತ ಯಾರರೆ ಹಣಗಿ ಬರಿದ ಮಾಡ್ತಾರೇನ್ರಿ ಬಾಯಾರ? ನಮ್ಮ ತವರಮನ್ಯಾಗ ಮಗ್ಗ ಅದಾವು. ಸಣ್ಣ ಹುಡುಗ್ಯಾರಿಗೂ ಗೊತ್ತೈತಿ. ಹಳೀ ಎಳಿ ತುದಿ ಹಣಗ್ಯಾಗ ಬಿಟ್ಟಿರ್ತೀವಿ, ಹೊಸಾ ಎಳಿ ಅದಕ್ಕ ಕೆಚ್ಚಿ ಎಳಕೋತೀವಿ. ಬರಿದ ಮಾಡಿದ್ರ ಮತ್ತ ಒಂದೊಂದ ಎಳಿ ಪೋಣಸ್ಕೋಂತ ಕುಂಡ್ರಬೇಕು. ನೀವು ಕಲ್ತಾಕಿ, ನಿಮಗ ತಿಳೀಲಿಲ್ಲೇನು?"

ಹಣಿಗೆಯೆಂದರೆ ಹಾಸಿನ, ಅಂದರೆ ಉದ್ದದ ಎಳೆಗಳು ಹಾದುಬರುವ ಮಗ್ಗದ ಬಾಚಣಿಗೆ. ರೋಗಿಯೊಬ್ಬಳು ಹೀಗೆ ಅಂದರೆ ಸುಮ್ಮನಿರುವ ಸ್ವಭಾವ ನನ್ನದಲ್ಲ. ಹೊರಗೆ ಹೋಗಿ ಔಷಧಿ ಕೋಣೆಯ ಸಿಬ್ಬಂದಿಯನ್ನೆಲ್ಲ ಬೈದು ಬಂದೆ. ಬೈದು ಮುಗಿದ ಮೇಲೆ ಆಕೆ ಹೇಳಿದ್ದು ಅಕ್ಷರಶಃ ಸರಿ ಎಂದು ಹೊಳೆಯಿತು. ಹಳೆಯ ದಾರವನ್ನು ಒಳಗೇ ಬಿಟ್ಟಿದ್ದರೆ, ಅದು ಸವೆಯುವ ಮುಂಚೆ ಹೊಸದನ್ನು ಅದಕ್ಕೆ ಗಂಟು ಹಾಕಿ ಎಳೆದುಕೊಂಡರೆ, ಮತ್ತೆ ನುಂಗುವ ಮಾತೇ ಇರುತ್ತಿರಲಿಲ್ಲ.

ಅದೇ ದಿನ ದೊಡ್ಡ ಡಾಕ್ಟರು ಕರೆದರು. ದಾರದ ಸುದ್ದಿ ಅವರಿಗೆ ಮುಟ್ಟಿತ್ತು.

"ಸೋಮವಾರ ಡಿಸ್ಚಾರ್ಜ್ ಬರೀರಿ. ಹೊಟ್ಟಿ ನಳಗೀಲೆ ಮನ್ಯಾಗ ಇರ್ಲಿ."

"ಮುಂಬೈದಿಂದ ಉತ್ತರ ಬರೂದ್ರಾಗ ತೂತ ಪೂರಾ ಮುಚ್ಚತೈತ್ರಿ ಸರ್."

"ಮತ್ತ ಹರದ್ರ? ಎದಿಯೊಳಗ ಕೀವಾಗಿ ಮೂರ ದಿನದಾಗ ಹೋಗ್ತಾಳ. ನಾ ಯುದ್ಧದಾಗ ಕಂಡೇನಿ ಬಾಯಿ. ನೀವು ಕಂಡಿಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ನಾಲ್ಕು ದಿನದ ಜ್ವರ ನನಗೂ ಮರೆತಿರಲಿಲ್ಲ. ಆದರೂ, "ಆಕೀನ್ನ ಕೇಳೋಣ್ರಿ," ಎಂದೆ. ಪೇಶಂಟನ್ನು ಕೇಳುವುದೇನು ಎಂದು ಗೊಣಗುತ್ತಲೇ ಅವರು ನನ್ನ ಹಿಂದೆ ಬಂದರು. ಹರಿಯಬಹುದು, ಹರಿದರೆ ಸಾಯಬಹುದು ಎಂದು ಅವರ ಎದುರಿಗೇ ಆಕೆಗೆ ಬಿಡಿಸಿ ಹೇಳಿದೆ.

"ಸಾಹೇಬ್ರ, ನೀವು ನಳಗಿ ಹಾಕಿದ್ರಿ, ಉಳದೆ. ನಿಮ್ಮ ಉಪಕಾರ ಮರ್ಯಾಂಗಿಲ್ಲ. ಆದ್ರ ಉಣ್ಣಾಕತ್ತಿಲ್ರಿ ನಾ. ತುಂಬಸ್ಕೊಳ್ಳಾಕತ್ತೀನಿ. ಹೆಬ್ಬಟ್ಟ ಎಲ್ಲಿ ಒತ್ಲಿ, ಹೇಳ್ರಿ."

ಮೂಲೆಯಲ್ಲಿ ನಿಂತಿದ್ದ ಗಂಡ ಅಂದು ಮೊದಲ ಸಲ ಬಾಯಿ ಬಿಟ್ಟ. "ನಂದೂ ತಗೋರಿ," ಎಂದು ಕೈ ಚಾಚಿದ. ಉಗುರಿನ ಸಂದಿಯಲ್ಲಿ ನೀಲಿ ಇತ್ತು.

"ನನ್ನ ಹೆಸರಿಲೆ ಆಗಂಗಿಲ್ಲ ಇದು," ಎಂದು ದೊಡ್ಡ ಡಾಕ್ಟರು ಹೊರಟುಹೋದರು.

ಶಸ್ತ್ರಕ್ರಿಯೆಯ ಪುಸ್ತಕದಲ್ಲಿ ಸರ್ಜನ್ ಎಂಬ ಮನೆಯಿದೆ, ಸಹಾಯಕ ಎಂಬ ಮನೆಯಿದೆ. ನಮ್ಮಂಥ ಎಲ್.ಸಿ.ಪಿ.ಎಸ್.ನವರ ಹೆಸರು ಅದುವರೆಗೆ ಎರಡನೆಯ ಮನೆ ದಾಟಿರಲಿಲ್ಲ. ನಾನು ಮೊದಲನೆಯ ಮನೆಯಲ್ಲಿ ನನ್ನ ಹೆಸರು ಬರೆದೆ. ಕೆಳಗೆ ಗೆರೆಯನ್ನೂ ಎಳೆದೆ. ಆಕೆಗೇನಾದರೂ ಆದರೆ ಡಾಕ್ಟರಿಕೆ ಅಲ್ಲಿಗೆ ಮುಗಿಯುತ್ತದೆಂದು ಗೊತ್ತಿತ್ತು.

ಆಕೆ ಮತ್ತೆ ದಾರ ಹಿಡಿದು ಕುಳಿತಳು. ಈ ಸಲ ದಾರಕ್ಕೆ ಜೇನುಮೇಣ ತೀಡಿಕೊಟ್ಟೆ. ಶನಿವಾರ ಇಳಿಯಲಿಲ್ಲ, ರವಿವಾರ ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ, ಡಿಸ್ಚಾರ್ಜ್ ಆಗಬೇಕಾದ ಹೊತ್ತಿಗೆ, ಕೊಕ್ಕೆಗೆ ಏನೋ ತಡೆಯಿತು. ಎಳೆದರೆ ದಾರ! ಸಿಸ್ಟರ್ ಕುಣಿದೇಬಿಟ್ಟಳು. ಮೇಲಿನ ತುದಿಯನ್ನು ಹಲ್ಲು ಕಡಿಯದಂತೆ ಮೂಗಿನಿಂದ ಹೊರತಂದು ಕೆನ್ನೆಗೆ ಪಟ್ಟಿ ಅಂಟಿಸಿದೆ, ಕೆಳಗಿನ ತುದಿಯನ್ನು ಹೊಟ್ಟೆಗೆ. ಅದು ಅಲ್ಲಿಯೇ ಉಳಿಯಿತು.

ವಾರದ ಮೇಲೆ ಹೊಸ ದಾರ ಎಳೆಯುವ ದಿನ ಬಂತು. ಹಳೆಯದು ಆಮ್ಲ ತಿಂದು ಮೆತ್ತಗಾಗಿತ್ತು. ಅದರ ಹೊಟ್ಟೆಯ ಕಡೆಯ ತುದಿಗೆ ಹೊಸದನ್ನು ನನಗೆ ಬರುವ ಸರ್ಜನರ ಗಂಟಿನಿಂದ ಕಟ್ಟಿ ಮೇಲಿನಿಂದ ಎಳೆದೆ. ಗಂಟು ಕಲೆಯ ಹತ್ತಿರ ಬಂದು ಸಿಕ್ಕಿಕೊಂಡಿತು. ಇನ್ನಷ್ಟು ಎಳೆದರೆ ಹಳೆಯ ದಾರ ಹರಿಯುತ್ತದೆ, ಹರಿದರೆ ಮತ್ತೆ ಬರಿದು. ಬಿಟ್ಟೆ. ಬಾಗಿಲಲ್ಲಿ ದೊಡ್ಡ ಡಾಕ್ಟರು ಬಂದು ನಿಂತದ್ದು ಅರಿವಿಗೆ ಬಂದರೂ ತಿರುಗಿ ನೋಡಲಿಲ್ಲ. ನಿಧಾನವಾಗಿ ಗಂಟನ್ನು ಹಿಂದಕ್ಕೆ, ಹೊಟ್ಟೆಯಿಂದ ಹೊರಗೆ ತಂದೆ.

ಗಂಟಲು ಮರಗಟ್ಟಿ ಮಾತಾಡಲಾಗದ ಆಕೆ ಎದ್ದು ಕುಳಿತು ಕೈ ಚಾಚಿದಳು. ಸ್ಪಿರಿಟ್ಟಿನಲ್ಲಿ ಬೆರಳು ತೊಳೆಸಿ ಎರಡೂ ತುದಿಗಳನ್ನು ಕೊಟ್ಟೆ. ನನ್ನ ಗಂಟನ್ನು ಕತ್ತರಿಸಿ ಎಂದು ಸನ್ನೆ ಮಾಡಿದಳು. ಕತ್ತರಿಸಿದೆ. ಎರಡು ಬೆರಳಿನ ನಡುವೆ ತುದಿಗಳನ್ನು ಅಡ್ಡಡ್ಡ ಇಟ್ಟು, ಹೆಬ್ಬೆರಳಿಂದ ಒಮ್ಮೆ ಸುತ್ತಿ, ತಿರುವಿ, ಎಳೆದಳು. ನಾನು ಕಣ್ಣು ಮಿಟುಕಿಸುವುದರಲ್ಲಿ ಮುಗಿದಿತ್ತು. ಹಣಿಗೆಯ ಹಲ್ಲಿನ ಸಂದಿಯಲ್ಲಿ ನುಸುಳಬೇಕಾದ ಗಂಟು ಅದು. ಬೆರಳಿಗೆ ತಡೆಯಿತು, ಕಣ್ಣಿಗೆ ಕಾಣಲಿಲ್ಲ. ಎಳೆದೆ. ಕಲೆಯ ಹತ್ತಿರ ಒಂದು ಗಳಿಗೆ ನಿಂತು, ದಾಟಿತು. ಹಿಂದೆಯೇ ಕ್ಯಾತಿಟರೂ ಬಂತು.

ಗಂಟು ಹಾಕುವ ಕೆಲಸ ಅಂದಿನಿಂದ ಆಕೆಯದೇ. ನನಗೂ ಕಲಿಸಲು ನೋಡಿ, "ನಿಮ್ಮ ಕೈ ಒಡ್ಡ ಐತ್ರಿ," ಎಂದು ಕೈಬಿಟ್ಟಳು. ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಬೆಟಗೇರಿಯಿಂದ ನಡೆದೇ ಬರುತ್ತಿದ್ದಳು, ಮೂಗಿನಲ್ಲಿ ದಾರ, ಕೆನ್ನೆಯಲ್ಲಿ ಪಟ್ಟಿ. ಸಂತೆಯಲ್ಲಿ ಯಾರೋ, "ಏನಬೇ, ಮೂಗದಾಣ ಹಾಕ್ಯಾರ ನಿನಗ?" ಎಂದು ಕೆಣಕಿದರಂತೆ. "ಹೌದಪಾ, ಹಾಕ್ಯಾರ. ಎಳಿಯಾವರು ಡಾಕ್ಟರ, ನೀ ಅಲ್ಲ," ಎಂದು ಬಂದಿದ್ದಳು. ಅಷ್ಟರಲ್ಲಿ ಶಿರಹಟ್ಟಿಯಿಂದ ಒಬ್ಬರು, ಮುಂಡರಗಿಯಿಂದ ಒಬ್ಬರು ಗಂಟಲು ಕಟ್ಟಿದವರು ನಮ್ಮ ಬಾಗಿಲಿಗೆ ಬಂದಿದ್ದರು. ಅವರಿಗೆ ದಾರ ನುಂಗುವುದನ್ನು ಕಲಿಸಿದವಳೂ ಆಕೆಯೇ. ದೊಡ್ಡ ಡಾಕ್ಟರು ಒಂದು ದಿನ ಕೈ ತೊಳೆದು ಬಂದು ಆಕೆಯ ತಲೆ ಹಿಡಿದರು. ನಾನು ನಳಿಗೆ ಇಳಿಸಿ ನೋಡಿದೆ. ಬಿಳಿ ಕಲೆಯ ನಡುವೆ ಕಿರುಬೆರಳು ಹಿಡಿಸುವಷ್ಟು ದಾರಿ, ಆಚೆ ಕಡೆ ಕೆಂಪಗಿನ ಆರೋಗ್ಯದ ಗೋಡೆ.

ಏಳನೆಯ ತಿಂಗಳು ದಾರ ತೆಗೆದೆ. ಹೊಟ್ಟೆಯ ನಳಿಗೆ ತೆಗೆಯುವ ಮುಂಚೆ ಬಾಯಿಂದ ಗಟ್ಟಿ ಊಟ ಇಳಿಯುವುದನ್ನು ನೋಡಬೇಕಿತ್ತು. ಮೆತ್ತಗಿನ ಅನ್ನ ಬರೆದಿದ್ದೆ. ಗಂಡ ಬುತ್ತಿ ಬಿಚ್ಚಿದ: ಬಿಳಿ ಜೋಳದ ರೊಟ್ಟಿ, ಬದನೆಕಾಯಿ, ಕೆಂಪು ಚಟ್ನಿ. ನಾನು ಬೇಡವೆನ್ನಲು ಬಾಯಿ ತೆರೆದೆ, ಆಕೆಯ ಮುಖ ನೋಡಿ ಮುಚ್ಚಿದೆ. ದೊಡ್ಡ ಡಾಕ್ಟರು, ಸಿಸ್ಟರ್, ಔಷಧಿ ಕೋಣೆಯವರು, ಎಲ್ಲ ಮಂಚದ ಸುತ್ತ ನೆರೆದಿದ್ದರು. ಆಕೆ ಒಂದು ತುತ್ತು ಮುರಿದಳು. ಬಾಯಿಯ ಹತ್ತಿರ ಒಯ್ದಳು. ಕೆಳಗಿಟ್ಟಳು.

"ಎಲ್ಲಾರೂ ಹೊರಗ ನಡೀರಿ," ಎಂದಳು.

"ಅಲ್ಲವ್ವಾ, ನೋಡಬೇಕಲ್ಲ ನಾವು. ಸಿಕ್ರ?" ಎಂದರು ದೊಡ್ಡ ಡಾಕ್ಟರು.

"ಏಳ ತಿಂಗಳ ನನಗ ಹೊಯ್ಯೂದನ್ನ ಊರಮಂದಿ ನೋಡೇತಿ. ಉಣ್ಣೂದನ್ನ ಯಾರೂ ನೋಡಬ್ಯಾಡ್ರಿ. ನೀವೂ ನಡೀರಿ ಬಾಯಾರ."

ಹೊರಗೆ ಬಂದೆವು. ಗಂಡನೂ ಬಂದ. ಬಾಗಿಲು ಮುಚ್ಚಿತು. ಹೆದರಿದ್ದೆ, ಅದನ್ನು ಮುಚ್ಚಿಡುವುದೇನು? ಸ್ವಲ್ಪ ಹೊತ್ತಿಗೆ ಒಳಗೆ ಕೆಮ್ಮು ಕೇಳಿತು. ಮತ್ತೆ ಕೆಮ್ಮು, ಇನ್ನೂ ಜೋರಾಗಿ. ದೊಡ್ಡ ಡಾಕ್ಟರು ಬಾಗಿಲಿಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ.

"ಬ್ಯಾಡ್ರಿ ಸರ್."

"ಬಿಡ್ರಿ ಬಾಯಿ, ಹೋಗ್ತಾಳ ಆಕಿ..."

ಬಿಡಲಿಲ್ಲ. ಒಳಗೆ ಸದ್ದು ನಿಂತಿತು. ಎಷ್ಟು ಹೊತ್ತು ನಿಂತಿತೋ ಹೇಳಲಾರೆ. ಗಂಡ ಗೋಡೆಗೆ ಹಣೆ ಹಚ್ಚಿದ್ದ.

"ಯಾಕ ನಿಂತೀರಿ ಅಲ್ಲೆ, ದನಾ ನಿಂತಂಗ?" ಒಳಗಿನಿಂದ ದನಿ ಬಂತು. "ಖಾರ ನೆತ್ತಿಗೇರೇತಿ. ನೀರ ಕುಡ್ಯಾಕತ್ತೀನಿ."